ಧರೆ ನೋಡುತ್ತ ಐದು ದಿನ

ನಮ್ಮ ಕಡೆ ಧರೆ ಅಂದರೆ ಪದ್ಯದಲ್ಲಿ ಬರುವ ಭೂಮಿ ಅಲ್ಲ. ಗುಡ್ಡ ಕಡಿದಾಗ ಎದ್ದು ನಿಲ್ಲುವ ಮಣ್ಣಿನ ಗೋಡೆ. ಮನೆ ಹಿಂದೆ ಧರೆ, ತೋಟದ ಮೇಲೆ ಧರೆ, ರಸ್ತೆ ಪಕ್ಕ ಧರೆ. ಮಳೆಗಾಲದಲ್ಲಿ ನೆಂಟರು ಫೋನ್ ಮಾಡಿದರೆ ಆರೋಗ್ಯ ವಿಚಾರಿಸುವ ಮೊದಲೇ "ಧರೆ ಜರಿದಿಲ್ಲ ಅಲ್ವಾ?" ಅಂತ ಕೇಳುತ್ತಾರೆ.

ಹೋದ ಆಗಸ್ಟ್‌ನಲ್ಲಿ ಶಿರಸಿ ಹತ್ತಿರ ನನ್ನ ಭಾವನ ಮನೆಯ ಧರೆ ಜರಿದು ಕೊಟ್ಟಿಗೆಯ ಮೇಲೆ ಬಿತ್ತು. ದನಗಳು ಮೇಯಲು ಹೋಗಿದ್ದವು, ಬಚಾವ್. ನೋಡಿ ಬರಬೇಕು ಅಂದುಕೊಂಡವನಿಗೆ ಪುರಸೊತ್ತು ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಜೊತೆಗೆ ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದ ಮಾಸ್ತರು ಬಂದರು. ಅಂಕೋಲೆಯವರು, ರಿಟೈರ್ ಆಗಿ ಹದಿನೈದು ವರ್ಷ. "ಬರೀ ನಿನ್ನ ಭಾವನ ಧರೆ ನೋಡಿ ಎಂತ ಮಾಡೂದು ತಮಾ? ಹೊರಟಿದ್ದೇ ಹೌದಾದ್ರೆ ಜಿಲ್ಲೆ ಒಂದು ಸುತ್ತು ಹಾಕ್ವಾ" ಅಂದರು.

ಅವರ ಚೀಲದಲ್ಲಿ ಒಂದು ವಸ್ತು ಇತ್ತು. ಕಂಪಾಸು ಪೆಟ್ಟಿಗೆಯ ಪ್ಲಾಸ್ಟಿಕ್ ಕೋನಮಾಪಕ. ಅದರ ನಡುವಿನ ತೂತಿಗೆ ಒಂದು ದಾರ, ದಾರದ ತುದಿಗೆ ಒಣ ಅಡಿಕೆ. ನೇರ ಅಂಚನ್ನು ಗುಡ್ಡದ ಇಳಿಜಾರಿಗೆ ಸಮನಾಗಿ ಹಿಡಿಯಬೇಕು. ಅಡಿಕೆ ತೂಗಾಡಿ ನಿಂತ ಮೇಲೆ ದಾರ 90ರಿಂದ ಎಷ್ಟು ಸರಿದಿದೆ ನೋಡಬೇಕು. ಅಷ್ಟು ಇಳಿಜಾರು. ಮಕ್ಕಳಿಗೆ ತೋರಿಸಲು ಮಾಡಿದ್ದಂತೆ. ಈ ಐದು ದಿನ ಅದು ಮಾಸ್ತರ ಕೈ ಬಿಟ್ಟು ಇಳಿಯಲಿಲ್ಲ.

ಮೊದಲ ದಿನ: ದೇವಿಮನೆ ಹತ್ತಿ ಬೆಟ್ಟಕ್ಕೆ

ಬೆಳಿಗ್ಗೆ ಆರೂವರೆಗೆ ಕುಮಟೆ ಬಿಟ್ಟೆವು. ಕತಗಾಲ ದಾಟಿ ದೇವಿಮನೆ ಘಟ್ಟ. ಹಳೇ ರಸ್ತೆಯಲ್ಲಿ ಎರಡು ಬಸ್ಸು ಎದುರಾದರೆ ಮೈ ಸವರಿಕೊಂಡೇ ಹೋಗಬೇಕಿತ್ತು. ಅಗಲ ಮಾಡುವ ಕೆಲಸ ಶುರುವಾದಾಗಿನಿಂದ ಈ ಘಟ್ಟ ಆಗಾಗ ಬಂದ್. ಅಗಲ ಬೇಕು, ಸರಿ. ಆದರೆ ಒಂದು ಮಗ್ಗುಲಲ್ಲಿ ಕಣಿವೆ. ಅಂದ ಮೇಲೆ ಆ ಅಗಲ ಇನ್ನೊಂದು ಮಗ್ಗುಲಿನ ಗುಡ್ಡದಿಂದಲೇ ಬರಬೇಕು. ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈ ಮುಗಿದೆವು. ಮಾಸ್ತರು ಕೈ ಮುಗಿದವರೇ ಎದುರಿನ ಧರೆಗೆ ಕೋನಮಾಪಕ ಹಿಡಿದರು. 80. ಅದರ ಮೇಲಿನ ಕಾಡಿನ ಇಳಿಜಾರು 35ರ ಸುಮಾರು. "ಗುಡ್ಡಕ್ಕೆ ಇದು ಅಭ್ಯಾಸ ಇಲ್ಲ" ಅಂದರು, ಅಷ್ಟೆ.

ಭಾವನ ಮನೆಯಲ್ಲಿ ತೆಳ್ಳೇವು, ಬೆಲ್ಲ, ತುಪ್ಪ. ತಿಂದು ಬೆಟ್ಟಕ್ಕೆ ಹೊರಟೆವು. ಬೆಟ್ಟ ಅಂದರೂ ನಮ್ಮಲ್ಲಿ ಬೇರೆ ಅರ್ಥ. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಇಲ್ಲಿನ ಕಾಡಿನ ಕಾನೂನು, ಹಕ್ಕು ಎಲ್ಲ ಆ ದಾರಿಯಲ್ಲೇ ಬೆಳೆದವು. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು.

ದಣಪೆ ಸರಿಸಿ ಒಳಗೆ ಹೋದರೆ ಮೊದಲು ಕಾಣುವುದು ಮರಗಳ ಆಕಾರ. ಮತ್ತಿ, ಹೊನ್ನೆ, ನೇರಲೆ, ಕವಲು ಎಲ್ಲ ಕಂಬದ ಹಾಗೆ ಸಪೂರ. ತಲೆಯಲ್ಲಿ ಮಾತ್ರ ಒಂದು ಹಿಡಿ ಎಲೆ. ಕಾಂಡದ ತುಂಬ ಗಂಟು. ಒಂದೊಂದು ಗಂಟೂ ಯಾವುದೋ ಮಳೆಗಾಲದಲ್ಲಿ ಯಾರೋ ಕತ್ತಿ ಹಾಕಿದ ಗುರುತು. ಒಂದು ಮತ್ತಿ ಮರದ ಮೇಲೆ ಕೈ ಆಡಿಸಿದೆ. ಮುದುಕರ ಬೆರಳಿನ ಗೆಣ್ಣಿನ ಹಾಗೆ ಇತ್ತು. ಕಡಿದ ಸೊಪ್ಪು ಕೊಟ್ಟಿಗೆಗೆ, ದನದ ಕಾಲಡಿ ತುಳಿಸಿಕೊಂಡು ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಬೇಸಿಗೆ ಬರುವ ಹೊತ್ತಿಗೆ ಉದುರಿದ ದರಕನ್ನೂ ಗುಡಿಸಿ ಒಯ್ಯುತ್ತಾರೆ. ಅಂದರೆ ಗುಡ್ಡದ ಸಾರ ವರ್ಷಾ ವರ್ಷಾ ಕಣಿವೆಗೆ ಇಳಿಯುತ್ತದೆ. ದೂರದಿಂದ ಬಂದವರು ಇದನ್ನು ನೋಡಿ "ಆಹಾ ಕಾಡು" ಅಂತ ಫೋಟೋ ಹೊಡೆಯುತ್ತಾರೆ. ಇದು ಕಾಡಲ್ಲ, ತೋಟದ ಉಗ್ರಾಣ.

"ಈಗ ಕಡಿಯೋರಾದ್ರೂ ಯಾರು?" ಅಂದ ಭಾವ. ಮೊದಲು ಹನ್ನೆರಡು ದನ ಇದ್ದವು, ಈಗ ಮೂರು. ಆಳು ಸಿಕ್ಕುವುದಿಲ್ಲ. ಹಾಗಾಗಿ ಮರಗಳ ಸೊಂಟದಲ್ಲಿ ಎಷ್ಟೋ ವರ್ಷದ ಮೇಲೆ ಕೊಂಬೆ ಬಂದಿವೆ. ಬೆಟ್ಟ ನಿಧಾನಕ್ಕೆ ಕಾಡಾಗುತ್ತಿದೆ. ಪಕ್ಕದವರ ಬೆಟ್ಟದ ಕಥೆ ಉಲ್ಟಾ. ಅಲ್ಲಿ ಅರ್ಧ ಸಪಾಟು ಮಾಡಿ ಅಡಿಕೆ ಸಸಿ ಇಟ್ಟಿದ್ದಾರೆ.

ಆಮೇಲೆ ಬಂದ ಕೆಲಸ, ಧರೆ. ಮೂರು ವರ್ಷದ ಹಿಂದೆ ಭಾವನೇ ಜೆಸಿಬಿ ತರಿಸಿ ಮನೆ ಹಿಂದಿನ ಗುಡ್ಡ ಕಡಿಸಿದ್ದ.

"ಎಂತ ಮಾಡದು ಭಾವ, ಕಾರು ಅಂಗಳಕ್ಕೇ ಬರವು ಹೇಳಿ ಎಲ್ಲರ ಹಟ."

"ಎಷ್ಟು ಹೊತ್ತು ಬೇಕಾಯ್ತು?"

"ಎರಡೂವರೆ ತಾಸು. ಬಿಲ್ ಅಷ್ಟೇ ತಾಸಿಗೆ ಕೊಟ್ಟಿದ್ದು."

ಜರಿದ ಜಾಗದಲ್ಲಿ ಗುಡ್ಡದ ಹೊಟ್ಟೆ ಬಿಚ್ಚಿ ಇಟ್ಟ ಹಾಗೆ ಕಾಣುತ್ತಿತ್ತು. ಮೇಲೆ ಒಂದು ಮೊಳ ಕಪ್ಪು ಮಣ್ಣು, ಬೇರು. ಅದರ ಕೆಳಗೆ ಗಟ್ಟಿ ಕೆಂಪು, ಗೋಡೆ ಕಟ್ಟಲು ಕೊಯ್ಯುವ ಚಿರೆಕಲ್ಲಿನ ಜಾತಿ. ಅದರ ಕೆಳಗೆ ಹಳದಿ. ತೀರಾ ಬುಡದಲ್ಲಿ ಬೆಳ್ಳಗೆ, ಮುಟ್ಟಿದರೆ ಬೆಣ್ಣೆಯಂಥ ಶೇಡಿ ಮಣ್ಣು. ಅತ್ತಿಗೆ ದೀಪಾವಳಿಗೆ ಹೊಸ್ತಿಲು, ಗೋಡೆಗೆ ಚಿತ್ರ ಬರೆಯುವುದು ಇದೇ ಶೇಡಿಯಿಂದ. ಮಾಸ್ತರು ಒಂದು ಉಂಡೆ ಕಿತ್ತು ಬಾಟಲಿಯ ನೀರು ಹನಿಸಿ ನನ್ನ ಅಂಗೈಲಿ ಇಟ್ಟರು. ಜಾರಿ ಕೆಳಗೆ ಬಿತ್ತು. ಮೇಲಿನ ಕೆಂಪು ಪದರದಲ್ಲಿ ತೂತುಗಳಿವೆ, ಮಳೆ ನೀರು ಇಳಿಯುತ್ತದೆ. ಶೇಡಿಯಲ್ಲಿ ಇಳಿಯಲು ದಾರಿ ಇಲ್ಲ. ಅಲ್ಲೇ ನಿಂತು ಅದನ್ನು ನುಣುಪು ಮಾಡುತ್ತದೆ. ಬುಡ ಗಟ್ಟಿ ಇದ್ದಷ್ಟು ದಿನ ಮೇಲಿನ ಭಾರ ಕೂತಿರುತ್ತದೆ. ಬುಡವನ್ನೇ ಕಡಿದರೆ? ಕೊಟ್ಟಿಗೆ ಹತ್ತಿರವೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಿಕೋ ಮಾತು ಬಂತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇಲ್ಲಿಗೆ ದೂರವಲ್ಲ. ಆ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಈಗಲೂ ಎಲ್ಲರ ಬಾಯಲ್ಲಿದೆ. "ಮರ ಅಪ್ಪಿಕಂಬಲೆ ಬತ್ತು. ಧರೆ ಅಪ್ಪಿಕಂಬಲೆ ಬತ್ತಿಲ್ಲೆ" ಅಂದ ಭಾವ. ಅತ್ತಿಗೆ ನಕ್ಕಿದ್ದಕ್ಕೆ ಸಾರು ನೆತ್ತಿಗೇರಿತು.

ಎರಡನೇ ದಿನ: ಕತ್ತಲೆಕಾನು

ಸಿದ್ದಾಪುರ, ಮಾವಿನಗುಂಡಿ, ಅಲ್ಲಿಂದ ಹೊನ್ನಾವರದ ರಸ್ತೆ. ಜೋಗಕ್ಕೆ ತಿರುಗುವ ಆಸೆ ಆಯಿತು, ಮಾಸ್ತರು ಬಿಡಲಿಲ್ಲ. "ಡಿಸೆಂಬರ್‌ನಲ್ಲಿ ಜೋಗ ಅಂದ್ರೆ ಬಂಡೆ."

ಮಲೆಮನೆ ಘಟ್ಟ ಇಳಿಯುವ ಮೊದಲು ಕತ್ತಲೆಕಾನು. ಹೆಸರೇ ಹೇಳುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಸಂಜೆಯ ಬೆಳಕು. ಗುಡ್ಡದ ಸಂದಿಯಲ್ಲಿ ಹಳ್ಳ ಹರಿದು ಜೌಗಾದ ಕಡೆ ರಾಮಪತ್ರೆಯ ಜಾತಿಯ ಮರಗಳಿವೆ. ಇವುಗಳ ಬೇರು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಕೆಸರೊಳಗೆ ಗಾಳಿ ಸಿಗದೆ ಉಸಿರಾಡಲು ಮಾಡಿಕೊಂಡ ಉಪಾಯ. ಬರಿಗಾಲಲ್ಲಿ ಇಳಿದೆ. ನೀರು ಐಸ್. ಮೊಣಕಾಲೆತ್ತರದ ಒಂದು ಬೇರಿನ ಬಾಗಿನಲ್ಲಿ ಪುಟ್ಟ ಏಡಿ ಕೂತಿತ್ತು. ನಾನು ಬಗ್ಗಿದ್ದಕ್ಕೆ ಅದು ಹಿಂದೆ ಸರಿಯಿತು, ಓಡಲಿಲ್ಲ. ಈ ಕಾನಿನ ಹೆಸರನ್ನೇ ಹೊತ್ತ ಒಂದು ಮರ ಇದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ವಿಜ್ಞಾನಿಗಳು ಅದನ್ನು ಹೊಸ ಜಾತಿ ಅಂತ ದಾಖಲಿಸಿದ್ದು 2000ದಲ್ಲಿ. ಸಿಂಗಳೀಕ ಕಾಣಲಿಲ್ಲ, ಕೂಗು ಮಾತ್ರ ಕೇಳಿತು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ, ಸುಮಾರು 300 ಚದರ ಕಿಲೋಮೀಟರ್.

ಇಷ್ಟು ಹಳೇ ಕಾಡು ಇಲ್ಲಿ ಹೇಗೆ ಉಳಿಯಿತು? ಸುತ್ತಲಿನ ಗುಡ್ಡಗಳಲ್ಲಿ ಕುಮರಿ ಬೇಸಾಯ ಇತ್ತು. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು ಜಾಗ ಬಿಡುವುದು. ಗುಡ್ಡ ಮತ್ತೆ ಚಿಗುರಲು ವರ್ಷಗಟ್ಟಲೆ ಕಾಯುವುದು. ಆದರೆ ಕಾನಿಗೆ ಯಾರೂ ಬೆಂಕಿ ಇಡುತ್ತಿರಲಿಲ್ಲ. ಅಲ್ಲಿ ದೇವರಿತ್ತು, ನೀರಿತ್ತು, ಕಾಳುಮೆಣಸಿನ ಬಳ್ಳಿ ಇತ್ತು. ಈ ಮೂರರಲ್ಲಿ ಯಾವುದು ಮೊದಲು ಬಂತೋ, ನನ್ನ ಅನುಮಾನ ಮೆಣಸಿನ ಮೇಲೆ. 19ನೇ ಶತಮಾನದಲ್ಲಿ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿದರು. ಕಾಡು ಹಾಳು ಮಾಡುತ್ತೀರಿ ಅಂತ ಬೈದು, ತಾವು ಸಾಗುವಾನಿ ನೆಟ್ಟರು. ಹಡಗಿಗೆ, ರೈಲಿನ ಕೆಲಸಕ್ಕೆ ಮರ ಬೇಕಿತ್ತಲ್ಲ. ಯಲ್ಲಾಪುರ, ದಾಂಡೇಲಿ ಕಡೆ ಹೋದರೆ ಇಂದಿಗೂ ಸಾಗುವಾನಿ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದೆ.

ಸಂಜೆ ಗೇರುಸೊಪ್ಪೆಯ ನಗರಬಸ್ತಿಕೇರಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ಇದೆ. ಚೆನ್ನಭೈರಾದೇವಿ 1552ರಿಂದ 1606ರವರೆಗೆ ಇಲ್ಲಿಂದ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದಿದ್ದು ಮೆಣಸಿನ ರಾಣಿ ಅಂತ. ಘಟ್ಟದ ಮೇಲಿನ ಕಾನುಗಳ ಮೆಣಸು ಇಳಿದು ಬರುತ್ತಿದ್ದ ಪೇಟೆ ಇದು. ಈಗ ಕಾಲಿಗೆ ಸಿಗುವುದು ಕೆತ್ತಿದ ಕಲ್ಲು, ಅದನ್ನು ತಬ್ಬಿದ ಬೇರು. ಬೇರೆ ಕಡೆಯೆಲ್ಲ ಕಾಡು ಊರಾಗುತ್ತದೆ. ಇಲ್ಲಿ ಊರೇ ಕಾಡಾಗಿದೆ. ಗೊತ್ತಿಲ್ಲದಿದ್ದರೆ ಇದನ್ನೂ ನಾನು ದಟ್ಟಾರಣ್ಯ ಅಂತಲೇ ಬರೆಯುತ್ತಿದ್ದೆ.

ಮಲಗಲು ಕುಮಟೆಯ ಮನೆಗೇ ಬಂದೆವು. ಪ್ರವಾಸದ ಮಧ್ಯೆ ಮನೆಗೆ ಬರುವವರು ನೀವೊಬ್ಬರೇ ಅಂತ ಹೆಂಡತಿ ನಕ್ಕಳು.

ಮೂರನೇ ದಿನ: ಶಿರೂರು

ಹೆದ್ದಾರಿ 66. ಎರಡೂ ಕಡೆ ಅಕೇಶಿಯಾ. ಬೋಳು ಗುಡ್ಡಗಳಿಗೆ ಬೇಗ ಹಸಿರು ಬೇಕು ಅಂತ ನೆಟ್ಟಿದ್ದು. ಹಸಿರೇನೋ ಬಂತು. ಅದರ ಕೆಳಗೆ ಬೇರೇನೂ ಸರಿಯಾಗಿ ಏಳುವುದಿಲ್ಲ.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗಾಡಿ ನಿಲ್ಲಿಸಿದೆವು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಜರಿಯಿತು. ನಾಲ್ಕು ಲೇನಿನ ರಸ್ತೆಗೆ ಬುಡ ಕಡಿದ ಗುಡ್ಡ ಅದು. ಕೆಳಗೆ ಚಹಾದ ಅಂಗಡಿ, ಅದರಾಚೆ ಗಂಗಾವಳಿ ನದಿ. ದೂರದೂರಿನ ಲಾರಿಗಳು ಚಹಾಕ್ಕೆ ನಿಲ್ಲುವ ಜಾಗ. ಮಣ್ಣು ಅಂಗಡಿಯನ್ನೂ ನಿಂತ ಗಾಡಿಗಳನ್ನೂ ನದಿಗೆ ತಳ್ಳಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ಬಿತ್ತು. ಕೇರಳದ ಒಬ್ಬ ಚಾಲಕನ ಲಾರಿ ನೀರಿನಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನದ ಮೇಲೆ. ಆ ದಿನಗಳಲ್ಲಿ ಕುಮಟೆಯ ಪ್ರತಿ ಹೋಟೆಲಿನ ಟೀವಿಯಲ್ಲೂ ಇದೇ ನದಿ.

ಮಾಸ್ತರು ತುಂಬ ಹೊತ್ತು ಮಾತಾಡಲಿಲ್ಲ. ಆ ಅಂಗಡಿಯಲ್ಲಿ ಅವರೂ ಚಹಾ ಕುಡಿದವರು. ಕೋನಮಾಪಕ ಚೀಲದಲ್ಲೇ ಉಳಿಯಿತು. ಆಮೇಲೆ ನಾನೇ ಕೇಳಿದೆ. ರಸ್ತೆ ಬೇಡ ಅನ್ನಲು ಆಗುತ್ತಾ? ಕುಮಟೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್ ಓಡುವುದು ಇದೇ ಹೆದ್ದಾರಿಯಲ್ಲಿ.

"ಬೇಡ ಅಂತ ಯಾರು ಹೇಳ್ತಾರೆ ತಮಾ. ಮೆಟ್ಟಿಲು ಮೆಟ್ಟಿಲು ಮಾಡಿ ಕಡಿಬೇಕಿತ್ತು. ಪ್ರತಿ ಮೆಟ್ಟಿಲಿಗೂ ನೀರು ಹೋಗೋ ಕಾಲುವೆ ಮಾಡಿದ್ರೆ ಇನ್ನೂ ಒಳ್ಳೇದು. ಹಂಗೆ ಮಾಡೂಕೆ ಜಾಗ ಜಾಸ್ತಿ ಬೇಕು, ದುಡ್ಡು ಜಾಸ್ತಿ ಬೇಕು, ದಿನ ಜಾಸ್ತಿ ಬೇಕು. ನೆಟ್ಟಗೆ ಕಡಿದ್ರೆ ಮೂರೂ ಉಳೀತದೆ."

ಎರಡೂವರೆ ತಾಸಿನ ಬಿಲ್ಲು ನೆನಪಾಯಿತು.

ಕಾರವಾರ ಮುಟ್ಟುವಾಗ ಕತ್ತಲು. ಮರುದಿನ ಕಾಳಿ ದಂಡೆಯ ರಸ್ತೆ ಹಿಡಿಯುವವರು ನಾವು. ಆ ಕಡೆಯೇ ಕಡವಾಡದ ಝರಿವಾಡ. 2009ರ ಅಕ್ಟೋಬರ್ 2ರಂದು ಗುಡ್ಡ ಜರಿದು 19 ಜನ ತೀರಿಕೊಂಡ ಊರು. ಶಿರೂರಿಗೆ ಹದಿನೈದು ವರ್ಷ ಮೊದಲಿನ ಮಾತು. ಊಟಕ್ಕೆ ಬಂಗಡೆ ಇತ್ತು. ಮಾಸ್ತರು ಎರಡು ತಿಂದರು, ನಾನು ಎಂದಿನಂತೆ ಅನ್ನ ಮಜ್ಜಿಗೆ.

ನಾಲ್ಕನೇ ದಿನ: ಕಾಳಿ

ಮಲ್ಲಾಪುರದ ಹತ್ತಿರ ಟೈರ್ ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಎರಡು ತಾಸು ಹೋಯಿತು. ಹಾಗಾಗಿ ಕದ್ರಾ, ಕೈಗಾ ಎಲ್ಲ ಓಡಿಕೊಂಡೇ ನೋಡಿದ್ದು.

ಕಾಳಿ ಹುಟ್ಟಿ ಸಮುದ್ರ ಸೇರುವವರೆಗೆ 184 ಕಿಲೋಮೀಟರ್. ಅಷ್ಟರಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಒಂದರ ಕೆಳಗೆ ಒಂದು ಅಣೆಕಟ್ಟು. ಮೇಲಿನ ಸೂಪಾದ್ದು 101 ಮೀಟರ್ ಎತ್ತರ. ಕೊಡಸಳ್ಳಿಯಲ್ಲಿ 120 ಮೆಗಾವಾಟ್, ಕದ್ರಾದಲ್ಲಿ 150. ಕದ್ರಾದ ಹಿನ್ನೀರಿನ ದಡದಲ್ಲೇ ಕೈಗಾ, ನಾಲ್ಕು ಘಟಕ, ಒಂದೊಂದು 220 ಮೆಗಾವಾಟ್. ಹಿನ್ನೀರು ಕನ್ನಡಿಯ ಹಾಗೆ ಚೆಂದ. ನೀರು ಇಳಿದ ಅಂಚಿನಲ್ಲಿ ಮಾತ್ರ ಬಟ್ಟಲು ತೊಳೆಯದೆ ಬಿಟ್ಟಂತೆ ಕೆಂಪು ಪಟ್ಟಿ. ಅಲ್ಲಿ ಹುಲ್ಲೂ ಇಲ್ಲ. ಸೂಪಾ ಅನ್ನುವ ಪೇಟೆ ನೀರಿನ ಕೆಳಗಿದೆ. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂದು ಎಷ್ಟು ಕಾಲವಾಯಿತು, ಹಳಬರು ಇನ್ನೂ ಸೂಪಾ ತಾಲ್ಲೂಕು ಅಂತಲೇ ಅನ್ನುತ್ತಾರೆ.

"ಹರಿಯೋ ನದಿಗೆ ಮೆಟ್ಟಿಲು ಮಾಡಿದ್ರು. ಗುಡ್ಡಕ್ಕೆ ಮಾಡಿ ಅಂದ್ರೆ ದುಡ್ಡಿಲ್ಲ" ಅಂದರು ಮಾಸ್ತರು. ಆ ಹೊತ್ತಿಗೆ ಅವರಿಗೆ ಹಸಿವಾಗಿತ್ತು. ಹಸಿವಾದಾಗ ಅವರ ಮಾತು ಖಾರ.

ಕೈಗಾ ಘಟ್ಟ ಹತ್ತಿ ಯಲ್ಲಾಪುರದಲ್ಲಿ ಉಳಿದೆವು.

ಐದನೇ ದಿನ: ಕಳಚೆ

ಇಷ್ಟು ದಿನ ತಿರುಗಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು. ಕತ್ತಿಯಿಂದ ಕಡಿದದ್ದು ತಡೆಯುತ್ತದೆ, ಯಂತ್ರದಿಂದ ಕಡಿದದ್ದು ಜರಿಯುತ್ತದೆ. ಕಳಚೆ ಆ ಲೆಕ್ಕವನ್ನು ಕೆಡಿಸಿತು.

ವಜ್ರಳ್ಳಿ ದಾಟಿ ಒಳಗೆ, ಕೊಡಸಳ್ಳಿ ಹಿನ್ನೀರಿನ ಮೇಲಿನ ಗುಡ್ಡಗಳಲ್ಲಿ ಕಳಚೆ ಇದೆ. 2021ರ ಜುಲೈನಲ್ಲಿ ಎಡೆಬಿಡದೆ ಮಳೆ ಹೊಯ್ದು ಇಲ್ಲಿ ಗುಡ್ಡ ಜರಿಯಿತು. ತೋಟಗಳು ಹೋದವು, ರಸ್ತೆ ಹೋಯಿತು, ಊರು ಕೆಲವು ದಿನ ಹೊರಗಿನಿಂದ ಕಡಿದುಹೋಯಿತು. ಅದೇ ಮಳೆಗೆ ಅರಬೈಲು ಘಟ್ಟದ ಹೆದ್ದಾರಿಯೂ ಕುಸಿದಿತ್ತು. ಅರಬೈಲಿನದು ಹೆದ್ದಾರಿ, ಅರ್ಥವಾಗುತ್ತದೆ. ಇಲ್ಲಿ ನಾಲ್ಕು ಲೇನಿಲ್ಲ. ಇರುವುದು ಅಡಿಕೆ ತೋಟ, ಬೆಟ್ಟ, ಕಾಡು.

ತೋಟ ಕಳೆದುಕೊಂಡ ಹಿರಿಯರೊಬ್ಬರು ಜೊತೆಗೆ ಬಂದರು. ಕೈಯಲ್ಲಿ ಕತ್ತಿ, ಸೊಂಟಕ್ಕೆ ಎಲೆಯಡಿಕೆ ಚೀಲ. ಜರಿದ ಜಾಗ ಮೇಲಿಂದ ಕೆಳಗಿನವರೆಗೆ ಅಗಲವಾದ ಕೆಂಪು ಗೀರು. ನಾಲ್ಕು ಮಳೆಗಾಲ ಕಳೆದಿದ್ದರಿಂದ ಪೂರ್ತಿ ಕೆಂಪೂ ಅಲ್ಲ. ಚಂದಕಲು ಮರಗಳು ನಮ್ಮ ತಲೆಗಿಂತ ಎತ್ತರ ಬೆಳೆದಿದ್ದವು, ಎಲೆ ಒಂದೊಂದು ಊಟದ ತಟ್ಟೆಯಷ್ಟು. ಮಾಸ್ತರು ಕೋನಮಾಪಕ ತೆಗೆದರು. 28.

"ಇಪ್ಪತ್ತೆಂಟಕ್ಕೂ ಜರೀತದಾ?" ಅಂತ ಅವರನ್ನೇ ಕೇಳಿದೆ.

"ಇದು ಜರಿದು ಕೂತ ಮೇಲಿನ ಲೆಕ್ಕ. ಜರಿಯೋ ಮೊದ್ಲು ಎಷ್ಟಿತ್ತು, ಯಾರು ನೋಡಿದ್ದಾರೆ?"

ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. "ಅವತ್ತು ಬಾವಿ ನೀರು ಕೆಂಪಾಯ್ತು. ಮಳೆಗೆ ಆಗ್ತು ಅಂತ ಸುಮ್ನಾದ್ವಿ. ಆಮೇಲೆ ಮೇಲಿನ ಬೆಟ್ಟದಲ್ಲಿ ಬಿರುಕು. ಬಿರುಕಿಗೆ ಮಣ್ಣು ತುಂಬಿ ಬಂದ್ವಿ." ಯಾಕೆ ಜರಿಯಿತು ಅಂತ ಕೇಳಿದೆ. ಮಳೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಹಿನ್ನೀರು ಬಂದ ಮೇಲೆ ಗುಡ್ಡದ ಬುಡ ಹಸಿ ಹಿಡಿದಿರಬಹುದು ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ನಮ್ಮಜ್ಜನ ಕಾಲದಲ್ಲಿ ಮೇಲೆ ಇಷ್ಟು ತೋಟ ಇರಲಿಲ್ಲ ಅಂದರು. ಮೂರನ್ನೂ ಒಂದೇ ದನಿಯಲ್ಲಿ ಹೇಳಿದರು, ಯಾರ ಮೇಲೂ ಸಿಟ್ಟಿಲ್ಲದೆ. ಬೇರೆ ಕಡೆ ಹೋಗುತ್ತೀರಾ ಅಂದಿದ್ದಕ್ಕೆ ಪಕ್ಕದ ಚಂದಕಲಿನ ಒಂದು ಎಲೆ ಕತ್ತಿಯಿಂದ ಕೊಯ್ದು, ಅದರ ಮೇಲೆ ಮೂರು ಹಣ್ಣಡಿಕೆ ಇಟ್ಟು ಕೊಟ್ಟರು. ಉಳಿದ ತೋಟದ್ದು.

ಅರಬೈಲು ಇಳಿದು ಮಾಸ್ತರನ್ನು ಅಂಕೋಲೆಯಲ್ಲಿ ಬಿಟ್ಟೆ. ಇಳಿಯುವಾಗ ಕೋನಮಾಪಕವನ್ನು ಡ್ಯಾಶ್‌ಬೋರ್ಡ್ ಮೇಲೇ ಇಟ್ಟು ಹೋದರು. ಮರೆತರೋ, ಬೇಕೆಂದೇ ಬಿಟ್ಟರೋ. ಗಂಗಾವಳಿ ಸೇತುವೆ ದಾಟುವಾಗ ಭಾವನ ಫೋನ್ ಬಂತು.

"ಭಾವ, ಧರೆಗೆ ಗೋಡೆ ಕಟ್ಟಸವು ಹೇಳಿ ಮಾಡಿದ್ದಿ. ನಿಂಗಳ ಕಡೆ ಚಿರೆಕಲ್ಲಿಗೆ ಈಗ ಎಂತ ರೇಟು? ಒಂದು ಲೋಡಿಗೆ ಎಷ್ಟು ಕಲ್ಲು ಬತ್ತು?"

ಹೊನ್ನಾವರ, ಕುಮಟೆ ಕಡೆಯ ಚಿರೆಕಲ್ಲಿನ ಕಣಿಗಳು ಕಣ್ಣ ಮುಂದೆ ಬಂದವು. ಗುಡ್ಡದ ತಲೆಯನ್ನು ಯಂತ್ರದ ಗರಗಸದಿಂದ ಚೌಕ ಚೌಕವಾಗಿ ಕೊಯ್ದು, ಮನೆ ಪಾಯದಂಥ ಗುಂಡಿ ಬಿಟ್ಟಿರುತ್ತಾರೆ. ಅಡಿಕೆ ಡ್ಯಾಶ್‌ಬೋರ್ಡ್ ಮೇಲೆ ಆಚೀಚೆ ಉರುಳುತ್ತಿತ್ತು. ನಾಳೆ ವಿಚಾರಿಸಿ ಹೇಳುತ್ತೇನೆ ಅಂದೆ.